ಸೋಲರಿಯದ ತಂಡದ ಬೆಂಚಿನಲ್ಲಿ

ದುಬೈಗೆ ಹೋಗಿ ಬಂದವರನ್ನು ಊರಿನವರು ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ. ಆ ಎತ್ತರದ ಕಟ್ಟಡದ ತುದಿಗೆ ಹೋದಿರಾ? ಹೋಗಲಿಲ್ಲ. ಒಂಟೆ ಹತ್ತಿದಿರಾ? ಹೆದ್ದಾರಿಯ ಬದಿಯಲ್ಲಿ, ಓಡುವ ಕಾರಿನ ಕಿಟಕಿಯಿಂದ ಕಂದುಬಣ್ಣದ ಏನನ್ನೋ ನೋಡಿದೆ; ಅದು ಒಂಟೆಯೇ ಎಂದು ಆಣೆ ಮಾಡಿ ಹೇಳಲಾರೆ. ಚಿನ್ನದಂಗಡಿಗಳ ಬೀದಿ? ಆ ದಿನ ಪಂದ್ಯವಿತ್ತು. ಹಳೆಯ ದುಬೈಯ ಮರದ ದೋಣಿ? ಆ ದಿನವೂ ಪಂದ್ಯವಿತ್ತು.

ಒಂದು ತಿಂಗಳ ವೀಸಾ ಹಿಡಿದು, ಸಮುದ್ರ ದಾಟಿ ಹೋಗಿ ನಾನು ನೋಡಿ ಬಂದದ್ದು ಒಂದು ಕಾಲೇಜು ತಂಡ ಅಮೆರಿಕನ್ ಫುಟ್‌ಬಾಲ್ ಆಡಿ ಗೆಲ್ಲುವುದನ್ನು. ಆ ತಂಡ ಆ ವರ್ಷ ಒಂದೂ ಪಂದ್ಯ ಸೋಲಲಿಲ್ಲ. ಆದರೆ ನಾನು ನೋಡಿದ್ದು ಗೆದ್ದವರನ್ನಲ್ಲ. ಬೆಂಚಿನ ಮೇಲೆ ಕುಳಿತಿದ್ದ ಒಬ್ಬನನ್ನು. ಅವನು ಎದ್ದಾಗ ಏನಾಯಿತೆಂಬುದನ್ನು ನಾನು ನೋಡಲೇ ಇಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಸತ್ವಾ

ಹಿಲ್ಡಾ ಮತ್ತು ನಾನು ಮಂಗಳೂರಿನ ಒಂದು ಹಾಸ್ಟೆಲಿನಲ್ಲಿ ಒಟ್ಟಿಗಿದ್ದವರು. ನಾನು ಟೀಚರಾದೆ, ಅವಳು ನರ್ಸ್ ಆಗಿ ದುಬೈ ಸೇರಿದಳು. ಈಗ ಅಲ್ಲಿ ಒಂದು ಮೂಳೆ ಕ್ಲಿನಿಕ್ಕಿನಲ್ಲಿದ್ದಾಳೆ. ಬೆಳಗಿನಿಂದ ಸಂಜೆಯವರೆಗೆ ಜನರ ಕೈಕಾಲಿಗೆ ಪ್ಲಾಸ್ಟರ್ ಹಾಕುವುದನ್ನು ನೋಡಿ ನೋಡಿ, ಮನುಷ್ಯನ ದೇಹವೆಂದರೆ ಮುರಿಯಲಿಕ್ಕಾಗಿಯೇ ಕೂಡಿಸಿಟ್ಟ ಕೊಳವೆಗಳು ಎಂಬ ತೀರ್ಮಾನಕ್ಕೆ ಬಂದಿದ್ದಾಳೆ.

ಅವಳ ಮನೆ ಇರುವುದು ದುಬೈಯ ಸತ್ವಾ ಎಂಬ ಬಡಾವಣೆಯ ಒಂದು ಹಳೆಯ ವಿಲ್ಲಾದಲ್ಲಿ. ವಿಲ್ಲಾ ಎಂದೊಡನೆ ನಾನು ತೋಟ, ಕಮಾನು, ಕಾರಂಜಿಗಳನ್ನು ಕಲ್ಪಿಸಿಕೊಂಡಿದ್ದೆ. ಅಲ್ಲಿ ವಿಲ್ಲಾ ಎಂದರೆ ಒಂದು ಮನೆಯನ್ನು ಪ್ಲೈವುಡ್ಡಿನಿಂದ ಹಲವು ಮನೆ ಮಾಡುವುದು. ಹಿಲ್ಡಾಳ ಪಾಲಿಗೆ ಬಂದದ್ದು ಒಂದೂವರೆ ಕೋಣೆ. ಒಂದು ಕೋಣೆಯಲ್ಲಿ ಅವಳು ಮತ್ತು ನಾನು. ಅರ್ಧದಲ್ಲಿ ಅವಳ ಮಗ ರೋಶನ್. ರೋಶನನ ಭುಜ ಮಾತ್ರ ನಮ್ಮ ಕೋಣೆಯಲ್ಲಿ.

ಭುಜ ಎಂದರೆ ಆ ಆಟಕ್ಕೆ ಕಟ್ಟಿಕೊಳ್ಳುವ ದಪ್ಪ ಕವಚ. ಯಕ್ಷಗಾನದ ಭುಜಕೀರ್ತಿಯನ್ನು ಆನೆಗೆ ಮಾಡಿಸಿದಂತಿತ್ತು. ಅದನ್ನು ನನ್ನ ಮಂಚದ ತಲೆಯ ಕಡೆಯ ಮೊಳೆಗೆ ನೇತುಹಾಕಿದ್ದರು. ಬೇರೆ ಮೊಳೆ ಇರಲಿಲ್ಲ. ಬೆವರಿನ ವಾಸನೆಯನ್ನು ನಾನು ಸಹಿಸಬಲ್ಲೆ. ಆದರೆ ಅದರಲ್ಲಿ ಬೆವರಿನ ವಾಸನೆಯೇ ಇರಲಿಲ್ಲ. ಹೊಸ ಸೂಟ್‌ಕೇಸಿನ ವಾಸನೆ. ಅದು ನನಗೆ ಮೊದಲ ಸುಳಿವಾಗಬೇಕಿತ್ತು. ಹೀಗೆಂದು ಬರೆಯುತ್ತಿದ್ದಂತೆಯೇ ಅನುಮಾನ: ಆಗಲೇ ಗಮನಿಸಿದ್ದೆನೋ, ಅಥವಾ ಎಲ್ಲ ತಿಳಿದ ಮೇಲೆ ನನ್ನ ನೆನಪು ಮೂಗು ಚುರುಕು ಮಾಡಿಕೊಂಡಿತೋ? ನಂಬಬೇಡಿ. ಮೊಳೆ ಇದ್ದದ್ದು ಮಾತ್ರ ಖಂಡಿತ. ಸೀರೆ ಸಿಕ್ಕಿ ಹರಿದಿದೆ.

"ನಮ್ಮ ರೋಶನ್ ಟೀಮಿನಲ್ಲಿದ್ದಾನೆ ಗೊತ್ತುಂಟಲ್ಲ? ಒಂದೂ ಸೋತದ್ದಿಲ್ಲ ಮಾರಾಯ್ತಿ" ಎಂದಳು ಹಿಲ್ಡಾ ಮೊದಲ ದಿನವೇ. "ಈ ಶುಕ್ರವಾರ ಮ್ಯಾಚ್. ನೀನೂ ಬರಬೇಕು."

"ನನಗೆ ದೋಣಿಯಲ್ಲಿ ಹೋಗಬೇಕಿತ್ತು."

"ದೋಣಿ ಎಲ್ಲಿ ಓಡಿಹೋಗ್ತದೆ? ಮಂಗಳೂರಲ್ಲಿ ದೋಣಿ ಇಲ್ವಾ?"

ಮಂಗಳೂರಿನಲ್ಲಿ ದೋಣಿ ಇದೆ. ಹಾಗಾಗಿ ಶುಕ್ರವಾರ ಮೈದಾನಕ್ಕೆ ಹೊರಟೆ.

ಶುಕ್ರವಾರದ ಮೈದಾನ

ಆಗ ಅಲ್ಲಿ ವಾರದ ರಜೆ ಶುಕ್ರವಾರ. ಹಾಗಾಗಿ ಭಾನುವಾರದ ಬಲಿಪೂಜೆಯೂ ಶುಕ್ರವಾರವೇ. ಹಿಲ್ಡಾ ಬೆಳಗ್ಗೆ ಚರ್ಚಿಗೆ ಹೋಗಿ ಬಂದು, ಅದೇ ಸೀರೆಯಲ್ಲಿ, ಅದೇ ಜಪಮಾಲೆ ಹಿಡಿದು ಮೈದಾನಕ್ಕೆ ಹೊರಡುತ್ತಿದ್ದಳು. ನಮ್ಮನ್ನು ಕರೆದೊಯ್ಯುತ್ತಿದ್ದವರು ಉಮ್ ತಾರಿಕ್, ಅಂದರೆ ರೋಶನನ ತಂಡದ ತಾರಿಕನ ತಾಯಿ. ಪ್ಯಾಲೆಸ್ಟೈನ್ ಕಡೆಯವರು. ಆ ಊರಿನಲ್ಲಿ ಇಷ್ಟು ವರ್ಷವಾದರೂ ಅವರ ಸ್ವಂತ ಹೆಸರು ಹಿಲ್ಡಾಳಿಗೆ ತಿಳಿದಿರಲಿಲ್ಲ. ನನ್ನ ತಾಯಿಯನ್ನೂ ಬೀದಿಯವರೆಲ್ಲ "ಸುಮತಿಯ ಅಮ್ಮ" ಎಂದೇ ಕರೆಯುತ್ತಿದ್ದುದರಿಂದ ಇದೊಂದು ವಿಷಯದಲ್ಲಿ ನನಗೆ ಪರದೇಶವೆನಿಸಲಿಲ್ಲ. ಆಕೆ ಕಾರು ಓಡಿಸುತ್ತ ಹಿಂದಿನ ಸೀಟಿಗೆ ಖರ್ಜೂರ, ಸೌತೆಕಾಯಿ, ಮತ್ತೆ ಖರ್ಜೂರ ದಾಟಿಸುತ್ತಿದ್ದರು. ಬೇಡವೆಂದರೆ ಎರಡು ಪಟ್ಟು ಬರುತ್ತಿತ್ತು.

ಇನ್ನು ಆ ಆಟ. ಕೆಲವು ಕ್ಷಣ ಆಡುತ್ತಾರೆ. ಎಲ್ಲರೂ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನಿಲ್ಲಿಸುತ್ತಾರೆ. ಗುಂಪು ಕಟ್ಟಿ ತಲೆ ತಗ್ಗಿಸಿ ಗುಟ್ಟು ಮಾತಾಡುತ್ತಾರೆ. ಮತ್ತೆ ಬೀಳುತ್ತಾರೆ. ಪಂಚಾಯಿತಿ ಸಭೆಯೊಂದಕ್ಕೆ ಶಿರಸ್ತ್ರಾಣ ತೊಡಿಸಿದರೆ ಹೀಗೇ ಇರುತ್ತದೆ. ನೀಲಿ ಬಟ್ಟೆಯವನೊಬ್ಬ ಚೆನ್ನಾಗಿ ಓಡಿದನೆಂದು ನಾನು ಜೋರಾಗಿ ಚಪ್ಪಾಳೆ ತಟ್ಟಿದೆ. ನಮ್ಮ ಕಡೆಯ ತಾಯಂದಿರೆಲ್ಲ ತಿರುಗಿ ನೋಡಿದರು. ನಮ್ಮದು ಬಿಳಿ.

"ರೋಶನ್ ಯಾರು?" ಎಂದೆ. ಶಿರಸ್ತ್ರಾಣದೊಳಗೆ ಎಲ್ಲರೂ ಒಂದೇ.

"ಅಗೋ, ಅಲ್ಲಿ" ಎಂದು ಹಿಲ್ಡಾ ತೋರಿಸಿದಳು. ಅವನು ಶಿರಸ್ತ್ರಾಣವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

"ಯಾವಾಗ ಆಡುತ್ತಾನೆ?"

"ಆಡ್ತಾನೆ, ಆಡ್ತಾನೆ" ಎಂದು ಕಣ್ಣು ಮುಚ್ಚಿದಳು. ಜಪಮಾಲೆಯ ಮಣಿಗಳು ಉರುಳತೊಡಗಿದವು.

ಅವನು ಆಡಲಿಲ್ಲ. ಮುಂದಿನ ಶುಕ್ರವಾರವೂ ಆಡಲಿಲ್ಲ. ಈ ಎರಡರಲ್ಲೊಂದು ಶುಕ್ರವಾರ ಮರಳುಗಾಳಿ ಎದ್ದು, ನನ್ನ ಬಾಯಿಯೊಳಗಿನ ಖರ್ಜೂರ ಕರಕರ ಎಂದಿತ್ತು. ನನ್ನ ನೆನಪು ಎರಡನ್ನೂ ಸೇರಿಸಿ ಒಂದೇ ಶುಕ್ರವಾರವಾಗಿ ಹೊಲಿದುಬಿಟ್ಟಿದೆ. ಎರಡು ದಿನ ಬೇಸರಪಟ್ಟವಳು ನಾನು. ಒಂದೇ ದಿನದ ಬೇಸರವೆಂದು ಯಾಕೆ ಬಿಟ್ಟುಕೊಡಲಿ?

ವಿಷಯ ಬಿಡಿಸಿ ಹೇಳಿದವನು ರೋಶನನೇ. ಅವನ ಕನ್ನಡ ಮುಕ್ಕಾಲು ಇಂಗ್ಲಿಷು. ಚೆಂಡು ಹಿಡಿದು ಇಡೀ ಆಟ ನಡೆಸುವವನು ತಾರಿಕ್. ತಾರಿಕ್ ಬಿದ್ದರೆ ಆ ಜಾಗಕ್ಕೆ ರೋಶನ್. ಆದರೆ ತಾರಿಕ್ ಬೀಳುತ್ತಿರಲಿಲ್ಲ, ತಂಡ ಸೋಲುತ್ತಿರಲಿಲ್ಲ. ಅವರ ಕೋಚ್ ಅಮೆರಿಕದವನು, ಅದೇ ಕಾಲೇಜಿನಲ್ಲಿ ಗಣಿತ ಕಲಿಸುವವನು. ಗೆಲ್ಲುತ್ತಿರುವ ತಂಡವನ್ನು ಮುಟ್ಟಬಾರದು ಎಂಬುದು ಅವನ ಸಿದ್ಧಾಂತ.

"ಆಂಟಿ, ಪ್ಲೀಸ್, ಮಮ್ಮಿಗೆ ನೀವೇ ಹೇಳಿ. ಸ್ಟಾಪ್ ಪ್ರೇಯಿಂಗ್."

"ಪ್ರಾರ್ಥನೆ ಏನು ಮಾಡಿತಪ್ಪ ನಿನಗೆ?"

"ಯಾರೂ ನನ್ನ ಮಗನನ್ನು ಮುಟ್ಟಬಾರದು, ಅಂತ ಕೇಳ್ತಾರೆ. ಎವ್ರಿ ಮ್ಯಾಚ್! ಗಾಡ್ ಕೇಳಿಸ್ಕೊಂಡ. ಕೋಚ್ ಕೂಡ ಮುಟ್ಟೋದಿಲ್ಲ ನನ್ನನ್ನ."

ಅಡುಗೆಮನೆಯಿಂದ ಹಿಲ್ಡಾ ಕೂಗಿದಳು: "ಎಂತ ತಪ್ಪುಂಟು ಅದರಲ್ಲಿ? ಆ ಹುಡುಗರನ್ನು ನೋಡಿದಿಯಾ ಸುಮತಿ? ಒಬ್ಬೊಬ್ಬ ಒಂದೊಂದು ಫ್ರಿಜ್ಜಿನ ಹಾಗೆ ಇದ್ದಾನೆ. ನಿನ್ನೆ ಕ್ಲಿನಿಕ್ಕಿಗೆ ಒಬ್ಬ ಬಂದಿದ್ದ, ಮಂಚದಿಂದ ಇಳಿಯುವಾಗ ಕಾಲು ಮುರಿದದ್ದು. ಮಂಚದಿಂದ!"

"ಮಮ್ಮಿ, ಇಟ್ಸ್ ಮೈ ಲಾಸ್ಟ್ ಇಯರ್."

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಯಿತು. ಹುಟ್ಟಿದ್ದು ಅದೇ ಊರಿನಲ್ಲಾದರೂ ಅವನು ಆ ಊರಿನವನಲ್ಲ. ಓದುತ್ತಿರುವವರೆಗೆ ತಂದೆಯ ಹೆಸರಿನಲ್ಲಿ ವೀಸಾ. ಓದು ಮುಗಿಯಿತೆಂದರೆ ಯಾರಾದರೂ ಕೆಲಸ ಕೊಡಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. "ನೆಕ್ಸ್ಟ್ ಇಯರ್ ನಾನು ಇಲ್ಲಿ ಯಾರೂ ಅಲ್ಲ ಆಂಟಿ. ಒಂದೇ ಒಂದು ಸಲ ಗ್ರೌಂಡಲ್ಲಿ ಇರಬೇಕು. ಬೀಳಿಸಲಿ, ಐ ಡೋಂಟ್ ಕೇರ್." ಅಷ್ಟು ಹೇಳಿ, ನನ್ನ ತಲೆಯ ಮೇಲಿನಿಂದ ಆ ಭುಜವನ್ನು ಇಳಿಸಿಕೊಂಡು ಅಭ್ಯಾಸಕ್ಕೆ ಹೋದ. ಅಭ್ಯಾಸ ಒಂದನ್ನೂ ತಪ್ಪಿಸಿದವನಲ್ಲ, ಅಲ್ಲೂ ಅವನ ಪಾಲಿಗೆ ಹೆಚ್ಚಾಗಿ ಬೆಂಚೇ.

ಮುಸಫ್ಫಾ

ಹಿಲ್ಡಾಳ ಗಂಡ ವಲೇರಿಯನ್ ಇರುವುದು ಅಬುಧಾಬಿಯ ಹೊರಗಿನ ಮುಸಫ್ಫಾದಲ್ಲಿ. ತೈಲಬಾವಿಗಳಿಗೆ ಕಬ್ಬಿಣದ ಚೌಕಟ್ಟು ಬೆಸೆಯುವ ಯಾರ್ಡಿನಲ್ಲಿ ಫೋರ್‌ಮನ್. ವಾರವೆಲ್ಲ ಕಂಪನಿಯ ಕೋಣೆಯಲ್ಲಿದ್ದು ಗುರುವಾರ ಸಂಜೆ ಮನೆಗೆ ಬರುವುದು ರೂಢಿ. ಆ ತಿಂಗಳು ಯಾವುದೋ ತುರ್ತು ಕೆಲಸ, ಶುಕ್ರವಾರವೂ ಬಿಡುವಿಲ್ಲ. ಹಾಗಾಗಿ ನಾವೇ ಬಂಗುಡೆ ಮೀನಿನ ಪುಳಿಮುಂಚಿ ಸಾರು ಕಟ್ಟಿಕೊಂಡು, ಎರಡು ಬಸ್ಸು ಬದಲಿಸಿ ಹೋದೆವು. ಇದು ನನ್ನ ಅಬುಧಾಬಿ ದರ್ಶನ: ಕಬ್ಬಿಣ, ಧೂಳು, ಕಬ್ಬಿಣ. ದೂರದಲ್ಲಿ ಬಿಳಿ ಗುಮ್ಮಟಗಳು ಮಿಂಚಿದಾಗ "ಅದು ಆ ದೊಡ್ಡ ಮಸೀದಿಯಾ?" ಎಂದೆ. "ಹೌದು, ಬೇಗ ನಡಿ, ಸಾರು ತಣಿಯುತ್ತದೆ" ಎಂದಳು ಹಿಲ್ಡಾ.

ವಲೇರಿಯನ್ ಗೇಟಿನ ಹೊರಗೆ ನಿಂತಿದ್ದ ಕಂಪನಿ ಬಸ್ಸಿನಲ್ಲೇ ಕುಳಿತು ಉಂಡರು. ಒಂದು ತುತ್ತು, ಒಂದು ಪ್ರಶ್ನೆ.

"ಗೆದ್ದರಾ?"

"ಗೆದ್ದರು."

"ಇವ ಆಡಿದನಾ?"

"ದೊಡ್ಡ ಗೆಲುವು. ಆ ಕಡೆಯವರಿಗೆ ಎಂತದೂ ಸಿಗಲಿಲ್ಲ" ಎಂದಳು ಹಿಲ್ಡಾ.

ಅವರು ಮೀನಿನ ಮುಳ್ಳು ಬಿಡಿಸುತ್ತ ನನ್ನತ್ತ ತಿರುಗಿದರು. "ಟೀಚರೇ, ನೀವು ಹೇಳಿ. ಇವಳ ಹತ್ರ ನಾನು ಕೇಳೂದು ಒಂದು, ಇವಳು ಹೇಳೂದು ಇನ್ನೊಂದು. ಮದುವೆಯಾದ ಮೇಲೆ ಹೀಗೇ."

"ಆಡಲಿಲ್ಲ" ಎಂದೆ.

ಅವರು ಬಿಡಿಸಿದ ಮುಳ್ಳನ್ನು ಮುಚ್ಚಳದ ಅಂಚಿಗಿಟ್ಟರು. "ಫೈನಲ್ ಅಬುಧಾಬಿಯಲ್ಲಿ ಅಲ್ವಾ? ಇಲ್ಲಿಂದ ಹತ್ತಿರ. ಏನಾದ್ರೂ ಮಾಡಿ ಬರ್ತೇನೆ. ಅವನಿಗೆ ಹೇಳಬೇಡಿ. ಬರ್ಲಿಕ್ಕೆ ಆಗದಿದ್ರೆ ಮತ್ತೆ ಬೇಜಾರು." ಮತ್ತೆ ಹಿಲ್ಡಾಳಿಗೆ: "ನೀನು ಆ ಪ್ರಾರ್ಥನೆ ಸ್ವಲ್ಪ ಬದಲಿಸು ಮಾರಾಯ್ತಿ. ಮುಟ್ಟಬಾರದು ಅಂತ ಬೇಡ. ಮುರಿಯಬಾರದು ಅಂತ ಕೇಳು."

ಹಿಂದಿರುಗುವ ಬಸ್ಸಿನಲ್ಲಿ ಹಿಲ್ಡಾ ಇದನ್ನು ದೀರ್ಘವಾಗಿ ಯೋಚಿಸಿದಳು. ದೇವರ ಜೊತೆ ವಹಿವಾಟಿನಲ್ಲಿ ಮಧ್ಯೆ ಷರತ್ತು ಬದಲಿಸಬಹುದೇ? "ಇಷ್ಟು ದಿನ ಒಂದು ಕೇಳಿ, ಈಗ ಇನ್ನೊಂದು ಕೇಳಿದರೆ ಅವನಿಗೂ ಕೋಪ ಬರ್ಲಿಕ್ಕಿಲ್ವಾ?" ಎಂದಳು. ನಾನು ಕಿಟಕಿಗೆ ತಲೆಯಾನಿಸಿ ನಿದ್ದೆ ಬಂದವಳಂತೆ ನಟಿಸಿದೆ. ಬದಲಿಸಿದಳೋ ಇಲ್ಲವೋ ಹೇಳಲಿಲ್ಲ.

ಅಬುಧಾಬಿಯ ಮೈದಾನ

ಫೈನಲ್ ಪಂದ್ಯ ನನ್ನ ಕೊನೆಯ ಶುಕ್ರವಾರದ ಮಧ್ಯಾಹ್ನ. ನಾನು ಪಂದ್ಯ ಮುಗಿದ ಕೂಡಲೇ ಆ ಬಿಳಿ ಮಸೀದಿಗೆ ಕರೆದೊಯ್ಯಬೇಕೆಂದು ಉಮ್ ತಾರಿಕ್‌ರಿಂದ ಮಾತು ತೆಗೆದುಕೊಂಡಿದ್ದೆ. ಅವರು ಎದೆಯ ಮೇಲೆ ಕೈಯಿಟ್ಟು "ಇನ್ಶಾ ಅಲ್ಲಾ" ಎಂದಾಗಲೇ ನನಗೆ ಅನುಮಾನ ಬಂದಿತ್ತು.

ಎದುರಾಳಿಗಳು ಗಟ್ಟಿಗರೆಂದು ಹೇಳಿದ್ದರು. ಅಷ್ಟೇನಿರಲಿಲ್ಲ. ತಾರಿಕ್ ಎಸೆದ ಚೆಂಡುಗಳೆಲ್ಲ ಹೋಗಬೇಕಾದ ಕೈಗೇ ಹೋದವು. ಕೊನೆಕೊನೆಗೆ ನಮ್ಮವರು ಎಷ್ಟು ಮುಂದಿದ್ದರೆಂದರೆ ಎದುರು ಕಡೆಯ ತಾಯಂದಿರು ಬುತ್ತಿಪೆಟ್ಟಿಗೆ ಮುಚ್ಚಿ ಚೀಲಕ್ಕೆ ಸೇರಿಸತೊಡಗಿದರು. ರೋಶನ್ ಬೆಂಚಿನಲ್ಲಿ ನೆಲ ನೋಡುತ್ತಿದ್ದ. ವಲೇರಿಯನ್ ಬಂದಿರಲಿಲ್ಲ.

ಆಗ ಕೋಚ್ ಬೆಂಚಿನ ಹತ್ತಿರ ಹೋಗಿ ಅವನ ಬೆನ್ನು ತಟ್ಟಿದ.

"ಹಿಲ್ಡಾ, ಕಣ್ಣು ಬಿಡು! ಕರೆದರು!"

ಅವಳು ಕಣ್ಣು ಬಿಟ್ಟಳು. ರೋಶನ್ ಶಿರಸ್ತ್ರಾಣ ಏರಿಸಿಕೊಳ್ಳುತ್ತ ಮೈದಾನದ ನಡುವಿಗೆ ಓಡಿದ. ತಾರಿಕ್ ಹೊರಗೆ ಬರುತ್ತ ಅವನ ತಲೆಗೊಂದು ಕುಟ್ಟಿದ. ಉಮ್ ತಾರಿಕ್ ಅರಬ್ಬಿಯಲ್ಲಿ ಏನೋ ಕಿರುಚಿ ನನ್ನ ಕೈ ಹಿಡಿದರು, ಕೈಯಲ್ಲಿ ಖರ್ಜೂರವಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಇದು ನನಗೆ ಆಮೇಲೆ ತಿಳಿದದ್ದು, ಆದರೂ ಮೊದಲೇ ಹೇಳುತ್ತೇನೆ. ನೀವಾದರೂ ನಮ್ಮಂತೆ ಮೋಸಹೋಗುವುದು ಬೇಡ. ಗೆಲುವು ಖಚಿತವಾದಾಗ ಆ ಆಟದಲ್ಲಿ ಗೆಲ್ಲುವವರು ಕಾಲ ಕಳೆಯುತ್ತಾರೆ. ಚೆಂಡು ಕೈಗೆ ಬಂದೊಡನೆ ಆಟ ನಡೆಸುವವನು ಒಂದು ಮೊಣಕಾಲನ್ನು ನೆಲಕ್ಕೆ ಊರುತ್ತಾನೆ. ಅಷ್ಟೇ. ಎದುರಾಳಿಗಳು ಅವನನ್ನು ಮುಟ್ಟುವುದಿಲ್ಲ, ಅದು ಮರ್ಯಾದೆ. ಗಡಿಯಾರ ಓಡುತ್ತದೆ. ಮತ್ತೆ ಚೆಂಡು, ಮತ್ತೆ ಮೊಣಕಾಲು. ಪಂದ್ಯ ಮುಗಿಯುತ್ತದೆ. ಕೋಚ್ ರೋಶನನನ್ನು ಕಳಿಸಿದ್ದು ಇದಕ್ಕೆ. ಅವನಿಗೆ ಸಿಕ್ಕಿದ್ದು ಆಡದೆ ಇರುವ ಆಟ.

ಇದೊಂದೂ ನಮಗೆ ಗೊತ್ತಿಲ್ಲ. ನಾವು ಕಂಡದ್ದು: ಚೆಂಡು ಬಂತು, ರೋಶನ್ ಅದನ್ನು ಎದೆಗವಚಿಕೊಂಡ, ಸಾವಿರ ಕಣ್ಣುಗಳ ಎದುರು ನಿಧಾನವಾಗಿ ಮೊಣಕಾಲೂರಿದ. ಸುತ್ತಲಿದ್ದ ಫ್ರಿಜ್ಜುಗಳೆಲ್ಲ ಗೌರವದಿಂದ ಸುಮ್ಮನೆ ನಿಂತುಬಿಟ್ಟವು.

ಹಿಲ್ಡಾಳ ಉಸಿರು ಒಮ್ಮೆಗೆ ಒಳಗೆ ಹೋಯಿತು. "ಜೇಜುವೇ! ಮೊಣಕಾಲೂರಿದ! ಎಲ್ಲರ ಎದುರು ದೇವರಿಗೆ ಧನ್ಯವಾದ ಹೇಳ್ತಿದ್ದಾನೆ ಸುಮತಿ!" ಅವಳು ಶಿಲುಬೆಯ ಗುರುತು ಮಾಡಿಕೊಂಡಳು. "ಅವ ಮೊಣಕಾಲೂರಿರುವಾಗ ನಾವು ಕೂತಿರೂದಾ? ಬಾ!" ಎಂದು, ಎರಡು ಸಾಲು ಕುರ್ಚಿಗಳ ನಡುವೆ ತಾನೂ ಕುಸಿದು, ನನ್ನ ಸೆರಗು ಹಿಡಿದು ನನ್ನನ್ನೂ ಎಳೆದಳು. ನನ್ನ ಮೊಣಕಾಲು ಚಿಕಿತ್ಸೆಯಲ್ಲಿರುವಂಥದು. ಅದನ್ನು ಅವಳೇ ಪರೀಕ್ಷಿಸಿದ್ದಾಳೆ. ನಾನು ದೇವರನ್ನೂ ಹಿಲ್ಡಾಳನ್ನೂ ಬೇರೆ ಬೇರೆ ಭಾಷೆಯಲ್ಲಿ ಬಯ್ಯುತ್ತ ಸಿಮೆಂಟಿಗೆ ಮೊಣಕಾಲೂರಿದೆ. ಕಣ್ಣೆದುರು ಮುಂದಿನ ಕುರ್ಚಿಯ ಬೆನ್ನು, ಅದಕ್ಕಂಟಿದ ಒಣ ಚ್ಯೂಯಿಂಗ್ ಗಮ್. ಈ ಪ್ರವಾಸದಲ್ಲಿ ನಾನು ಅತ್ಯಂತ ಸ್ಪಷ್ಟವಾಗಿ ನೋಡಿದ ವಸ್ತು ಅದು.

ಆಗ ಮೈದಾನ ಹೋ ಎಂದಿತು. ದಢ್ ಎಂಬ ಸದ್ದು. ಮತ್ತೆ ಇನ್ನೊಂದು ಬಗೆಯ ಹೋ, ಸಿಟ್ಟಿನದು. ನಾನು ಕುರ್ಚಿ ಹಿಡಿದು ಏಳುವಷ್ಟರಲ್ಲಿ ಎರಡೂ ತಂಡದವರು ಒಬ್ಬರನ್ನೊಬ್ಬರು ನೂಕಾಡುತ್ತಿದ್ದರು, ಕೋಚ್ ಟೋಪಿಯನ್ನು ನೆಲಕ್ಕೆಸೆದಿದ್ದ, ರೋಶನ್ ಮಲಗಿದ್ದವನು ಏಳುತ್ತಿದ್ದ.

ಏನಾಯಿತು? ಉಮ್ ತಾರಿಕ್ ಹೇಳುವಂತೆ, ಎರಡನೆಯ ಸಲ ಚೆಂಡು ಬಂದಾಗ ಅವನು ಮೊಣಕಾಲೂರಲಿಲ್ಲ. ಕುದುರೆಯಂತೆ ಓಡಿದ, ಮೂವರನ್ನು ದಾಟಿ ಹಾರಿದ. ಪಕ್ಕದಲ್ಲಿ ಕುಳಿತಿದ್ದವರೊಬ್ಬರ ಪ್ರಕಾರ ದಾಟಿದ್ದು ಒಬ್ಬನನ್ನು, ಅವನೂ ಆ ಕಡೆ ನೋಡುತ್ತಿರಲಿಲ್ಲ. ಕೋಚ್‌ನ ಪ್ರಕಾರ ಅದು ಓಟವೇ ಅಲ್ಲ, ಮುಟ್ಟದೆ ನಿಂತಿದ್ದ ಎದುರಾಳಿಗಳಿಗೆ ಮಾಡಿದ ಅವಮಾನ. ತಾರಿಕ್ ಮೊಬೈಲಿನಲ್ಲಿ ತೆಗೆದ ವೀಡಿಯೊದಲ್ಲಿ ಕೋಚ್‌ನ ಬೆನ್ನು ಮಾತ್ರ ಇದೆ. ರೋಶನನನ್ನು ಕೇಳಿದರೆ, "ಐ ಡೋಂಟ್ ರಿಮೆಂಬರ್ ಆಂಟಿ. ಸೌಂಡ್ ಮಾತ್ರ ನೆನಪಿದೆ." ಐದನ್ನೂ ಇಲ್ಲಿ ಇಡುತ್ತೇನೆ. ಒಂದನ್ನು ಆರಿಸಿ ನಿಜವೆಂದು ಕೊಡುವ ಹಕ್ಕು, ಚ್ಯೂಯಿಂಗ್ ಗಮ್ ನೋಡುತ್ತಿದ್ದವಳಿಗಿಲ್ಲ.

ಕೋಚ್ ಅವನನ್ನು ಅಂಗಿ ಹಿಡಿದು ಎದುರಾಳಿಗಳ ಬೆಂಚಿಗೆ ಕರೆದೊಯ್ದು, ಒಬ್ಬೊಬ್ಬರ ಕೈ ಕುಲುಕಿ ಕ್ಷಮೆ ಕೇಳಿಸಿದ. ಅವನು ಕೇಳಿದ. ತುಟಿ ಒಡೆದು ಊದಿತ್ತು. ಆ ಊದಿದ ತುಟಿಯಲ್ಲೇ, ಕೈ ಕುಲುಕಿದಷ್ಟೂ ಸಲ, ನಗುತ್ತಿದ್ದ.

ವಾಹನ ನಿಲ್ಲಿಸುವ ಜಾಗ

ಕಪ್ ಕೊಟ್ಟರು, ಫೋಟೊ ತೆಗೆದರು. ಕಾರಿನ ಬಳಿ ಹಿಲ್ಡಾ ಮಗನ ಗಲ್ಲ ಹಿಡಿದು ತಪಾಸಣೆ ಶುರುಮಾಡಿದಳು.

"ಬಾಯಿ ತೆರಿ. ಹಲ್ಲು ಅಲ್ಲಾಡ್ತದಾ? ಉಸಿರು ಎಳಿ. ಪಕ್ಕೆಲುಬು ನೋಯ್ತದಾ? ಅಲ್ಲ, ಅಷ್ಟು ಚೆಂದ ಪ್ರಾರ್ಥನೆ ಮಾಡ್ತಿದ್ದವ, ಮಧ್ಯದಲ್ಲಿ ಎಂತಕ್ಕೆ ಎದ್ದು ಓಡಿದ್ದು?"

"ಪ್ರಾರ್ಥನೆ?"

"ಮೊಣಕಾಲೂರಿ ಮಾಡ್ಲಿಲ್ವಾ?"

"ಮಮ್ಮಿ! ಅದು ಪ್ರೇಯರ್ ಅಲ್ಲ! ಟೈಮ್ ಪಾಸ್ ಮಾಡೋದು ಅದು!"

ಅವನು ಬಿಡಿಸಿ ಹೇಳಿದ. ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಕೈ ಅವನ ಗಲ್ಲದಿಂದ ಇಳಿಯಿತು. "ಹಾಗಾದ್ರೆ ನೀನು ಓಡಿದಾಗ..." ಎಂದವಳು ನನ್ನನ್ನು ನೋಡಿದಳು. ನಾನು ನನ್ನ ಮೊಣಕಾಲಿನ ಧೂಳು ಕೊಡವುತ್ತಿದ್ದೆ.

ಅಷ್ಟರಲ್ಲಿ ಕಂಪನಿಯ ಪಿಕಪ್ ಒಂದು ಬಂದು ವಲೇರಿಯನ್‌ರನ್ನು ಇಳಿಸಿ ಹೋಯಿತು. ಕೆಲಸದ ನೀಲಿ ಅಂಗಿ, ತುದಿಗೆ ಕಬ್ಬಿಣವಿಟ್ಟ ದಪ್ಪ ಬೂಟು. ಓಡಿ ಬಂದರು. ಎಲ್ಲರ ಮುಖ ನೋಡಿ ನಿಂತರು.

"ಮುಗಿಯಿತಾ?"

"ಖಲಾಸ್" ಎಂದ ತಾರಿಕ್.

"ಇವ ಆಡಿದನಾ?"

"ಆಡಿದ" ಎಂದಳು ಹಿಲ್ಡಾ. ಈ ಸಲ ಕೇಳಿದ್ದಕ್ಕೇ ಉತ್ತರ.

"ಹೌದಾ! ಹೇಗೆ? ಎಂತ ಮಾಡಿದ? ಹೇಳು ಹೇಳು!"

ಹಿಲ್ಡಾ ಜಪಮಾಲೆಯನ್ನು ಚೀಲಕ್ಕೆ ಸೇರಿಸಿದಳು. "ಮಮ್ಮಿ ಸಾ ನಥಿಂಗ್, ಡ್ಯಾಡಿ" ಎಂದ ರೋಶನ್. ಅವನ ನಗು ಆಗ ಮೊದಲ ಬಾರಿಗೆ ಆರಿತು.

"ಟೀಚರೇ?"

"ನಾನೂ ಮೊಣಕಾಲಿನ ಮೇಲಿದ್ದೆ" ಎಂದೆ. ಅಷ್ಟು ಪೆದ್ದಾದ ವಾಕ್ಯವನ್ನು ನಾನು ಜೀವನದಲ್ಲಿ ಆಡಿದ್ದಿಲ್ಲ.

ವಲೇರಿಯನ್ ನಮ್ಮಿಬ್ಬರನ್ನೂ ನೋಡಿದರು. "ಇಬ್ಬರು ಹೋಗಿ, ಇಬ್ಬರೂ ನೋಡ್ಲಿಲ್ವಾ? ಎಂತ ಜನ ಮಾರಾಯ್ರೆ ನೀವು?" ತಲೆ ಕೆರೆದುಕೊಂಡರು. ಸುತ್ತ ನೋಡಿದರು. ಅರ್ಧದಷ್ಟು ಕಾರುಗಳು ಹೊರಟುಹೋಗಿದ್ದವು. "ತೋರಿಸು" ಎಂದರು ಮಗನಿಗೆ.

"ವಾಟ್? ಇಲ್ಲಿ?"

"ಮತ್ತೆ ಎಲ್ಲಿ? ತೋರಿಸು. ನಾನು ಆ ಕಡೆಯವ" ಎಂದು ಹತ್ತು ಹೆಜ್ಜೆ ಹಿಂದೆ ಹೋಗಿ, ಆ ಭಾರದ ಬೂಟಿನಲ್ಲಿ ಕಾಲಗಲಿಸಿ, ಎರಡೂ ಕೈ ಚಾಚಿ ಬಗ್ಗಿ ನಿಂತರು. ಊರಿನಲ್ಲಿ ಕಬಡ್ಡಿ ಆಡಿದವರೆಂದು ನಿಂತ ಭಂಗಿಯಲ್ಲೇ ತಿಳಿಯುತ್ತಿತ್ತು. "ಯಲ್ಲಾ! ಬಾ!"

ತಾರಿಕ್ ನಗುತ್ತ ಬಗ್ಗಿ, ಎರಡು ಕಾಲಿನ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟ. ರೋಶನ್ ಅದನ್ನು ಹಿಡಿದು ಒಂದು ಕ್ಷಣ ನಿಂತ. ನಾನು ಹಿಲ್ಡಾಳನ್ನು ನೋಡಿದೆ. ಅವಳ ಎರಡು ಕಣ್ಣೂ ಅಗಲಕ್ಕೆ ತೆರೆದಿದ್ದವು. ಜಪಮಾಲೆ ಚೀಲದಲ್ಲಿತ್ತು, ಬೆರಳುಗಳು ಕಾರಿನ ಬಾಗಿಲನ್ನು ಹಿಡಿದಿದ್ದವು.

ಅವನು ಓಡಿದ. ತಂದೆ ಎಡಕ್ಕೆ ಹಾರಿದರು, ಅವನು ಬಲಕ್ಕೆ ತಿರುಗಿದ. ಅವರ ಕೈಗೆ ಅವನ ಅಂಗಿಯ ಅಂಚು ಸಿಕ್ಕಿತು, ಜಾರಿತು. ಉಮ್ ತಾರಿಕ್ ಹಾರ್ನ್ ಒತ್ತಿದರು. ಕಾವಲುಗಾರ ತನ್ನ ಗೂಡಿನಿಂದ ಹೊರಬಂದು ಕೈಯೆತ್ತಿ ಏನೋ ಕೂಗಿದ, ರೋಶನ್ ಅವನನ್ನೂ ದಾಟಿದ. ಕೆಡವಲು ಅಲ್ಲಿ ಯಾರೂ ಇರಲಿಲ್ಲ. ಬಿಳಿಗೆರೆಗಳ ಮೇಲೆ, ಖಾಲಿ ಜಾಗಗಳ ಮೇಲೆ, ದೀಪದ ಕಂಬಗಳನ್ನು ದಾಟಿ ಅವನು ಓಡಿದ, ನಿಲ್ಲಲಿಲ್ಲ, ಸಣ್ಣವನಾಗುತ್ತ ಹೋದ. ವಲೇರಿಯನ್ ಮೊಣಕಾಲಿಗೆ ಕೈಯಾನಿಸಿ ಏದುಸಿರು ಬಿಡುತ್ತ ನಗುತ್ತಿದ್ದರು, ಹಿಲ್ಡಾಳೂ ನಗುತ್ತಿದ್ದಳು. ಮೊದಲು ನಗು ನಿಲ್ಲಿಸಿದ್ದು ಹಿಲ್ಡಾ. ಆಮೇಲೆ ಅವರೂ ನೆಟ್ಟಗಾಗಿ, ಬಾಯಿಗೆ ಎರಡೂ ಕೈ ಹಿಡಿದು ಕೂಗಿದರು:

"ಹೋ ಮಾರಾಯಾ! ಸಾಕು! ಎಲ್ಲಿಗೆ ಓಡ್ತಿ? ಗಾಡಿ ಇಲ್ಲಿ ಉಂಟು!"